ಉಸಿರಿಗೊಂದು ಕೀ

“ಯಾರಾದ್ರೂ ಇದ್ದೀರಾ...?”

ಕುಸುಮ ಕೇಳಿದ್ದು ಒಂದೇ ಸಲ. ಉತ್ತರ ಬಂದದ್ದು ನಾಲ್ಕು ಸಲ. ಅದೂ ಅವಳದೇ ದನಿಯಲ್ಲಿ!

ಮೊದಲು ಅವಳು ಕೇಳಿದ ಹಾಗೇ. ಆಮೇಲೆ ಚಿಕ್ಕ ಮಗು ಕೇಳಿದ ಹಾಗೆ. ಆಮೇಲೆ ಯಾರೋ ಗಡಸು ಗಂಟಲಿನ ಗಂಡಸು ಕೇಳಿದ ಹಾಗೆ. ಕೊನೆಗೆ ಮೂರೂ ಒಟ್ಟಿಗೆ...

ಕೈಲಿದ್ದ ಕೆಟ್ಟ ಮೈಕು ಜಾರಿ ಕೆಳಗೆ ಬಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ಆ ಆಂಪ್ಲಿಫೈಯರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಕೌಂಟರಿನ ಹಿಂದಿನಿಂದ ಗುಂಗುರು ತಲೆಯೊಂದು ಮೇಲೆದ್ದಿತು. ಕತ್ತಿಗೆ ಹೆಡ್‌ಫೋನ್, ಕೈಲೊಂದು ತಮಟೆ.

“ಅಯ್ಯಯ್ಯೋ, ಎದರ್ಕಬ್ಯಾಡಿ ಮೇಡಂ! ಈ ಮಿಷಿನ್ನು ಸದ್ದಿಗೆ ಕಾಯ್ತಾ ಕುಂತಿತ್ತು. ಜೋರಾಗಿ ಏನ್ ಕೇಳುದ್ರೂ ತಾನೇ ಹಿಡ್ಕಬುಡ್ತದೆ. ಎಂಗ್ ಬಂತು ಅಂತ ನಾನೇ ಕೀ ಒತ್ತಿ ನೋಡ್ದೆ. ನಾನು ತಮಟೆ ಬಡಿಯಕೆ ರೆಡಿಯಾಗಿದ್ದೆ, ಅಷ್ಟ್ರಲ್ಲಿ ನೀವು ಬಂದ್ಬುಟ್ರಿ!”

“ಅಳಿಸಿ ಅದನ್ನ! ಈಗ್ಲೇ ಅಳಿಸಿ!”

“ಅಳಿಸಕ್ಕೇನು, ಸ್ವಿಚ್ ಆಫ್ ಮಾಡುದ್ರೆ ಸಾಕು. ಫ್ಲಾಪಿಗೆ ಆಕಾಗಂಟ ಇದ್ರ ತಲೇಲಿ ಏನೂ ನಿಲ್ಲಾಕಿಲ್ಲ.” ಟಪ್ ಅಂತ ಆರಿಸಿದ. “ನೋಡಿ, ಓಯ್ತು.”

ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಇಷ್ಟಕ್ಕೆಲ್ಲ ಹೆದರುವ ಹುಡುಗಿಯಲ್ಲ ನಮ್ಮ ಕುಸುಮ. ಮಾದಣ್ಣನ ಆರ್ಕೆಸ್ಟ್ರಾದಲ್ಲಿ ಆರು ವರ್ಷದಿಂದ ಹಾಡುತ್ತಿರುವವಳು, ಹನೂರಿನ ಮದುವೆಮನೆಗಳ ಗಲಾಟೆಯನ್ನು ಒಂದೇ ಆಲಾಪದಲ್ಲಿ ಸುಮ್ಮನಾಗಿಸಿದವಳು. ಆದರೆ ಹಿಂದಿನ ದಿನವಷ್ಟೇ ಮೈಸೂರಿನ ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿ ಹೇಳಿದ್ದರು... ಥೈರಾಯ್ಡ್ ಗಂಟು, ತೆಗೆಯಲೇಬೇಕು. ದನಿಯ ನರ ಅದರ ಬೆನ್ನಿಗೇ ಹಾದುಹೋಗುತ್ತದೆ, ಜೋಪಾನವಾಗಿ ಮಾಡುತ್ತೇವೆ, ಆದರೂ ದನಿ ಹೀಗೇ ಉಳಿಯುತ್ತದೆ ಅಂತ ಮಾತು ಕೊಡಲಾರೆ.

ಈ ವಿಷಯ ಅವಳ ಅವ್ವ ಚನ್ನಮಲ್ಲಮ್ಮನಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

‘ಹೋಯ್ತು’ ಅಂತ ಎಷ್ಟು ಸುಲಭವಾಗಿ ಅಂದನಲ್ಲ ಈತ...!

“ಏನ್ರಿ ಇದು ಮಿಷಿನ್ನು?” ಕೊನೆಗೆ ಕೇಳಿದಳು.

ಅವನ ಹೆಸರು ಬಸವೇಶ. ಯಳಂದೂರಿನವನು, ಅಂಗಡಿ ಅವನದೇ. ಮಾದಣ್ಣನ ತಂಡಕ್ಕೆ ಆ ತಿಂಗಳಷ್ಟೇ ಕೀಬೋರ್ಡಿಗೆ ಸೇರಿದ್ದ, ಕುಸುಮ ಅವನನ್ನು ನೋಡಿದ್ದು ಇದೇ ಮೊದಲು. ಮೂವತ್ತು ವರ್ಷ ಹಳೆಯ ಆ ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆಯನ್ನು ಮದರಾಸಿನ ಯಾವುದೋ ಸ್ಟುಡಿಯೋದ ಗುಜರಿಯಿಂದ ತಂದಿದ್ದನಂತೆ. ಸ್ಯಾಂಪ್ಲರ್ ಅಂತ ಹೆಸರು. ಯಾವ ಸದ್ದನ್ನಾದರೂ ಹಿಡಿದು ಕೀಬೋರ್ಡಿನ ಕೀಗಳಿಗೆ ಹಂಚಿಕೊಡುತ್ತದೆ.

“ಫೋನಲ್ಲಿ ಆಡು ಇಡುದ್ರೆ ಅದೊಂದೇ ಆಡು. ಇದ್ರಲ್ಲಿ ದನಿ ಇಡುದ್ರೆ ಯಾವ್ ಆಡು ಬೇಕಾರೂ ಆಡುಸ್ಬೋದು ಕಣ್ರಿ. ಇನ್ನೂ ಉಟ್ದೇ ಇರೋ ಆಡೂವೆ!”

ಕುಸುಮಳ ಕಣ್ಣು ಆ ಪೆಟ್ಟಿಗೆಯ ಮೇಲೇ ನೆಟ್ಟಿತು. ಇನ್ನು ಹದಿನೆಂಟು ದಿನಕ್ಕೆ ಆಪರೇಷನ್.

“ನನ್ ದನಿ ಇದ್ರಲ್ಲಿ ತುಂಬುಸ್ತೀರಾ...? ಪೂರ್ತಿ?”

*

ದಿನಾ ಮಧ್ಯಾಹ್ನ ತನ್ನೂರು ಧನಗೆರೆಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ಸದ್ದಾಗಬಾರದೆಂದು ಫ್ಯಾನ್ ಬಂದ್, ಷಟರ್ ಅರ್ಧ ಕೆಳಗೆ, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿದ್ದು. ಬೆವರು ಧಾರಾಕಾರ! ಒಂದೊಂದು ಸ್ವರಕ್ಕೂ ಒಂದೊಂದು “ಆ...” ಹಾಡಬೇಕು. ಅಷ್ಟರಲ್ಲಿ ಬಸ್ಸಿನ ಹಾರನ್.

“ಓಗ್ಲಿ ಬುಡಿ, ಬಸ್ ಓಗ್ಲಿ. ಇನ್ನೊಂದ್ಸಲ.”

ಒಂದೇ ಸ್ವರವನ್ನು ಹಿಡಿದು ಎಲ್ಲ ಕೀಗಳಿಗೂ ಎಳೆದರೆ ಮೇಲೆ ಮಗುವಿನ ದನಿ, ಕೆಳಗೆ ಗಂಡಸಿನ ದನಿ. ಅದಕ್ಕೇ ಎರಡು ಮೂರು ಕೀಗೊಂದು ಸಲ ಹೊಸದಾಗಿ ಹಾಡಿಸಬೇಕಿತ್ತು. ಆಮೇಲೆ ದನಿಯ ಬಾಲವನ್ನು ಅದರ ತಲೆಗೇ ಬೆಸೆಯಬೇಕು. ಬೆಸುಗೆ ಕೂತರೆ ಕೀ ಒತ್ತಿ ಹಿಡಿದಷ್ಟು ಹೊತ್ತೂ ದನಿ ನಿಲ್ಲದೆ ಬರುತ್ತದೆ, ಕೂರದಿದ್ದರೆ ‘ಟಕ್ ಟಕ್’ ಅನ್ನುತ್ತದೆ. ಅವನು ಗಂಟೆಗಟ್ಟಲೆ ಆ ಪುಟ್ಟ ಹಸಿರು ಪರದೆಗೆ ಕಣ್ಣು ಕೀಲಿಸಿ ಕೂರುತ್ತಿದ್ದ. ಅವಳು ಅವನ ಬೆರಳುಗಳನ್ನು ನೋಡುತ್ತಾ ಕೂರುತ್ತಿದ್ದಳು.

ಐದನೇ ದಿನ ಮೊದಲ ಬೆಸುಗೆ ಕೂತಿತು. ಬಸವೇಶ ಕೀ ಒತ್ತಿ ಹಿಡಿದ.

ಅವಳ ದನಿ ಬಂತು... ಬಂತು... ಬರುತ್ತಲೇ ಇತ್ತು. ಒಂದು ನಿಮಿಷ ಕಳೆದರೂ ಸೋಲಲಿಲ್ಲ.

“ನಿಲ್ಸಿ! ಅದು ಉಸಿರೇ ತಕಳ್ತಿಲ್ಲ!”

ಬೆವತ ಕೈಯಿಂದ ಅವಳು ತನ್ನ ಕತ್ತು ಹಿಡಿದುಕೊಂಡಿದ್ದಳು. ತಾನು ಇಲ್ಲವಾದ ಮೇಲೂ ಹೀಗೇ ಅರಚುತ್ತಿರುತ್ತದೆಯೇ ಇದು?

“ಮಿಷಿನ್‌ಗೆ ಉಸ್ರು ಯಾಕ್ರಿ...” ಅಂತ ನಗಲು ಹೋದವನು ಅವಳ ಮುಖ ನೋಡಿ ಕೀಯಿಂದ ಬೆರಳು ತೆಗೆದ.

ಮಾರನೆಯ ದಿನ ಹಾಡಿಸುವ ಮೊದಲು ಹೇಳಿದ, “ಇವತ್ತು ಆಡ್ಬ್ಯಾಡಿ. ಸುಮ್ನೆ ಉಸ್ರು ಎಳ್ಕಳಿ.”

ಅದನ್ನೂ ಹಿಡಿದ. ಎಡಗಡೆಯ ಕೊನೆಯ ಕೀಗೆ ಅದನ್ನು ಕೂರಿಸಿದ.

“ಇಲ್ಲಿ ನಿಮ್ ಉಸ್ರು ಮಡಗಿವ್ನಿ. ನುಡಿಸ್ವಾಗ ನಾನೇ ಗ್ಯಾಪ್ಕವಾಗಿ ಒತ್ತೀನಿ. ನಿಮ್ ದನಿ ಎಲ್ಲೂ ಉಸ್ರು ಕಟ್ಕಂಡು ಆಡಾಕಿಲ್ಲ, ಆಯ್ತಾ?”

ಆಯಿತು! ಅಲ್ಲಿಗೆ ಕುಸುಮಳ ಕಥೆ ಮುಗಿಯಿತು. ಮನಸ್ಸು ಅಲ್ಲೇ ಜಾರಿತು, ಪಾಪ, ತಡೆಯಲು ಅವಳಿಂದ ಆಗಲೇ ಇಲ್ಲ. ಆದರೆ ಹೇಳುವುದು ಹೇಗೆ? ಈತ ಇಷ್ಟಪಡುತ್ತಿರುವುದು ಈ ದನಿಯನ್ನು. ಅದೇ ಹೋದ ಮೇಲೆ...?

ಆಪರೇಷನ್ ವಿಷಯ ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಹನ್ನೊಂದನೇ ದಿನ ಎಲ್ಲ ಸ್ವರ ತುಂಬಿ, ಫ್ಲಾಪಿಗೂ ಹಾಕಿ ಮುಗಿಸಿದರು. ಮೂರು ದಿನ ಬಿಟ್ಟು ಮಾದಣ್ಣನ ಫೋನ್ ಬಂತು.

“ನಾಳಿಕ್ ರಾಮಾಪುರದ ರಿಸೆಪ್ಸನ್‌ಗೆ ನೀ ಬರದು ಬ್ಯಾಡ ಕಣವ್ವ. ಒಸಿ ರೆಸ್ಟ್ ತಕೊ.”

ಯಾಕೆ ಅಂತ ಕೇಳುವ ಮೊದಲೇ ಇಟ್ಟುಬಿಟ್ಟ.

*

ರಿಸೆಪ್ಷನ್ನಿನ ಮರುದಿನ ಬೆಳಿಗ್ಗೆ ಒಂದು ವಿಡಿಯೋ ಬಂತು. ಕಳಿಸಿದವಳು ರಾಮಾಪುರದ ಗೆಳತಿ ರತ್ನ. “ಏನಮ್ಮಿ, ಸ್ಟೇಜಲ್ಲಿ ನೀ ಕಾಣ್ಲೇ ಇಲ್ಲ, ದನಿ ಮಾತ್ರ ಕೇಳ್ತು! ಎಲ್ಲಿ ಬಚ್ಚಿಟ್ಕಂಡಿದ್ದೆ?”

ಕುಸುಮ ಒತ್ತಿ ನೋಡಿದಳು. ದೀಪ, ಹೂವು, ಗಂಡು ಹೆಣ್ಣು. ಪಕ್ಕದಲ್ಲಿ ಕೀಬೋರ್ಡಿನ ಮುಂದೆ ತಲೆ ತಗ್ಗಿಸಿ ಕೂತ ಬಸವೇಶ. ಒಂದು ಉಸಿರು ಎಳೆದುಕೊಂಡ ಸದ್ದು... ಆಮೇಲೆ ಅವಳ ಆಲಾಪ!

ತಾನು ಧನಗೆರೆಯ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೊತ್ತಿನಲ್ಲಿ ತನ್ನ ದನಿ ರಾಮಾಪುರದಲ್ಲಿ ಹಾಡುತ್ತಿತ್ತು!

‘ಇದಕ್ಕೇನಾ ಹನ್ನೊಂದು ದಿನ ಕೂರಿಸಿ ಹಾಡಿಸಿದ್ದು? ದನಿ ಸಿಕ್ಕಿತು, ಇನ್ನು ನಾನ್ಯಾಕೆ ಅಂತಾನಾ...?’

ಮುಂದಿನ ಬಸ್ಸಿಗೇ ಹೊರಟಳು. ಅಂಗಡಿ ತೆಗೆದಿತ್ತು, ಅವನಿರಲಿಲ್ಲ. ಪೆಟ್ಟಿಗೆಯ ಹಸಿರು ಪರದೆ ಮಾತ್ರ ಉರಿಯುತ್ತಿತ್ತು. ಬೆರಳು ತಾನಾಗಿ ಒಂದು ಕೀ ಒತ್ತಿತು. ದನಿ ಬಂತು, ನಿಲ್ಲದ, ದಣಿಯದ ಆ ದನಿ... ನಾಳೆ ತಾನು ಆಸ್ಪತ್ರೆ ಸೇರಬೇಕು. ತಾನು ಮೂಗಿಯಾದರೂ ಇದು ಮಾತ್ರ ಊರೂರು ತಿರುಗಿ ಹಾಡುತ್ತದೆ!

ಅವಳು ಬಗ್ಗಿ ಪ್ಲಗ್ ಕಿತ್ತಳು.

ಪರದೆ ಆರಿತು. ಪೆಟ್ಟಿಗೆಯ ಬಾಯಲ್ಲಿದ್ದ ಫ್ಲಾಪಿಯನ್ನು ಎಳೆದು ಬ್ಯಾಗಿಗೆ ಹಾಕಿಕೊಂಡಳು. ನನ್ನ ದನಿ, ನಾನೇ ಮನೆಗೆ ಒಯ್ಯುತ್ತೇನೆ!

ತಿರುಗಿದರೆ ಬಾಗಿಲಲ್ಲಿ ಬಸವೇಶ. ಕೈಲೊಂದು ಕೊರಿಯರ್ ಪೊಟ್ಟಣ. ಅವನ ನೋಟ ಆರಿದ ಪರದೆಯಿಂದ ಪ್ಲಗ್ಗಿಗೆ ಇಳಿಯಿತು.

“ಆಫ್... ಮಾಡ್ಬುಟ್ರಾ?”

“ಹೂಂ, ಮಾಡ್ದೆ! ಕೇಳ್ದೆ ಕರೀದೆ ನನ್ ದನೀನ ಮಾರ್ಕಂಡ್ರಲ್ಲ ನೀವು! ಫ್ಲಾಪಿ ನನ್ ತವು ಅದೆ. ಕೊಡಾಕಿಲ್ಲ!”

“ಅದು ಸತ್ತೋಗದೆ ಕುಸುಮವ್ರೇ...” ಅವನು ಸ್ಟೂಲಿನ ಮೇಲೆ ಕೂತ. “ಬೂಷ್ಟು ಹಿಡಿದಿತ್ತು. ರಾಮಾಪುರದಲ್ಲಿ ಒಂದ್ಸಲ ಓದ್ತು, ಆಮೇಲೆ ಕರಕರ ಅಂತ ಕೆರದೋಯ್ತು. ನಿಮ್ ದನಿ ಬರೀ ಮಿಷಿನ್ ತಲೇಲಿತ್ತು. ಆರಿಸಂಗಿಲ್ಲ ಅಂತ ವ್ಯಾನ್ ಬ್ಯಾಟ್ರಿಗೆ ಇನ್ವರ್ಟರ್ ಕಟ್ಟಿ, ತೊಡೆ ಮ್ಯಾಲೆ ಮಡಿಕಂಡು ತಂದೆ. ಈಗ ಹೊಸ ಫ್ಲಾಪಿ ತರಕೆ ಓಗಿದ್ದೆ.”

ಪೊಟ್ಟಣ ಅವನ ಕೈಯಿಂದ ಜಾರಿತು.

ಕುಸುಮ ಬ್ಯಾಗಿನಿಂದ ಫ್ಲಾಪಿ ಹೊರತೆಗೆದು ನೋಡಿದಳು. ಹನ್ನೊಂದು ದಿನ... ಎಲ್ಲ ಸ್ವರ... ಅವಳ ಕೈಯಿಂದಲೇ!

“ಯಾಕೆ ನುಡಿಸುದ್ರಿ ಮತ್ತೆ?” ದನಿ ಒಡೆಯಿತು.

“ಮಾದಣ್ಣ ನಿಮ್ ಜಾಗಕ್ಕೆ ಮೈಸೂರಿಂದ ಬೇರೆಯೋರ ಕರಸ್ತೀನಿ ಅಂತಿದ್ದ. ನಿಮ್ ಆಡು ಕೇಳಿ, ಗಂಟ್ಲು ಸರಿಯಿಲ್ಲ ಅಂತ ಅವ್ನಿಗೂ ಗೊತ್ತಾಗದೆ. ಕುಸುಮವ್ರು ಬರಾಗಂಟ ನಾ ನುಡಿಸ್ತೀನಿ, ಆ ಜಾಗಕ್ಕೆ ಯಾರ್ನೂ ಕೂರಸ್ಬ್ಯಾಡ ಅಂದೆ. ನಿಮ್ಮುನ್ ಕೇಳ್ದೆ ನುಡಿಸ್ದುದ್ದು ನಂದೇ ತಪ್ಪು. ನೂರ್ ಸಲ ತಪ್ಪು.”

“ನನ್ ಗಂಟ್ಲು ಸರಿಯಿಲ್ಲ ಅಂತ ನಿಮ್ಗ್ಯಾರು ಯೋಳಿದ್ದು?”

“ಮೊದ್ಲುನೇ ದಿನದ ‘ಸ’ನೂ ಕಡೇ ದಿನದ ‘ಸ’ನೂ ಪಕ್ಕಪಕ್ಕ ಮಡಗಿ ಕೇಳ್ದೆ. ಕಡೇದ್ರಲ್ಲಿ ಗಾಳಿ ಸೇರ್ಕಂಡಿತ್ತು. ನೀವೇ ಯೋಳ್ತೀರಿ ಅಂತ ಕಾಯ್ತಾ ಇದ್ದೆ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಎಲ್ಲ ಹೇಳಿದಳು. ಗಂಟು, ನರ, ನಾಳೆ ಆಸ್ಪತ್ರೆ. ಇನ್ನು ಹಾಡಬಾರದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ, ಮತ್ತೆ ತುಂಬಿಸಲೂ ಆಗುವುದಿಲ್ಲ. ಅಂಗಡಿಯಲ್ಲಿ ಒಂದು ಕ್ಷಣವೂ ನಿಲ್ಲಲಾರದೆ ಎದ್ದು ಓಡಿದಳು.

ಈಗ ಅವಳ ದನಿ ಇದ್ದದ್ದು ಒಂದೇ ಕಡೆ. ಅವಳ ಗಂಟಲಲ್ಲಿ, ಆ ಗಂಟಿನ ಬೆನ್ನಿಗೆ.

*

ಆಪರೇಷನ್ ಚೆನ್ನಾಗಿಯೇ ಆಯಿತು. ನರ ಉಳಿದ ಹಾಗಿದೆ ಅಂದರು ಡಾಕ್ಟರು. ಎರಡು ದಿನ ಬಿಟ್ಟು ಮೆಲ್ಲಗೆ ಮಾತಾಡಿ, ಮಾತಾಡಿದರೆ ತಾನೇ ಗೊತ್ತಾಗುವುದು?

ಅವಳು ಮಾತಾಡಲೇ ಇಲ್ಲ.

ಮನೆಗೆ ಬಂದು ಮೂರು ದಿನವಾದರೂ ಬಾಯಿ ಬಿಡಲಿಲ್ಲ. ಬೇಕಾದ್ದನ್ನೆಲ್ಲ ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು. “ಒಂದೇ ಒಂದ್ಸಲ ಅವ್ವಾ ಅನ್ನು ಕೂಸು...” ಅಂತ ಚನ್ನಮಲ್ಲಮ್ಮ ಗೋಗರೆದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ಬಾಯಿ ತೆರೆಯದಿರುವಷ್ಟು ದಿನ ದನಿ ಇದೆ ಅಂತಲೇ ಅಂದುಕೊಳ್ಳಬಹುದಲ್ಲ! ತೆರೆದು, ಬರೀ ಗಾಳಿ ಬಂದರೆ? ಆ ಭಯವನ್ನು ಅವ್ವನಿಗಾದರೂ ಹೇಗೆ ಬರೆದು ತೋರಿಸುವುದು?

ನಾಲ್ಕನೇ ದಿನ ಸಂಜೆ ಬಸವೇಶ ಬಂದ. ಕೈಲಿ ಎರಡು ಎಳನೀರು.

“ಅದು ಯಾರ್ ಜೊತ್ಗೂ ಮಾತಾಡ್ತಿಲ್ಲ ಕಣಪ್ಪ,” ಅಂತ ಚನ್ನಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಕುಸುಮ ಕೂತಿದ್ದ ಜಗುಲಿಯ ತುದಿಯಲ್ಲೇ ಅವನೂ ಕೂತ. ಒಂದು ಎಳನೀರನ್ನು ಅವಳ ಕಡೆ ಸರಿಸಿದ.

“ಅವತ್ತು ಮಿಷಿನ್ನಲ್ಲಿ ಅಷ್ಟೆಲ್ಲಾ ಅಳ್ಸೋಯ್ತಲ್ಲ...” ಅವನೇ ಶುರು ಮಾಡಿದ. “ಅದ್ಕೆ ಒಂದ್ ಗಳ್ಗೆ ಬೇಜಾರಾಯ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ನೀವು ಅತ್ಕಂಡು ಓದ್ರಲ್ಲ, ಅವತ್ತಿಂದ ನಂಗೆ ಅನ್ನ ಸೇರ್ತಿಲ್ಲ.”

ಅವಳು ಎಳನೀರನ್ನು ಮಡಿಲಿಗೆ ಎಳೆದುಕೊಂಡಳು.

“ಒಂದ್ ಮಾತು ಕೇಳ್ತೀನಿ, ಬೈಬ್ಯಾಡಿ. ನನ್ನುನ್ ಮದ್ವೆ ಆಯ್ತೀರಾ?”

ಅವಳು ಬೆಚ್ಚಿ ನೋಡಿದಳು. ಫೋನು ತೆಗೆದು ಬರೆದು ತೋರಿಸಿದಳು. ‘ದನಿ ಹೋಗಿದ್ರೆ?’

ಅವನು ಓದಿದ. ಫೋನನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದು ಪಕ್ಕಕ್ಕೆ ಬೋರಲು ಇಟ್ಟ.

“ಓಗಿದ್ರೆ ಇಬ್ರೂ ಕುಂತ್ಕಂಡು ಅಳವ. ನಿಮ್ ದನಿಗೆ ನಾ ಎದ್ರಿಲ್ಲ ಕುಸುಮವ್ರೇ. ನೀವು ಬ್ಯಾಡ ಅಂದ್ಬುಟ್ರೆ ಅಂತ ಎದ್ರಿವ್ನಿ. ತಲೆ ಆಡ್ಸುದ್ರೆ ಒಪ್ಪಾಕಿಲ್ಲ, ಬಾಯಲ್ಲಿ ಯೋಳಿ. ಬ್ಯಾಡ ಅಂದ್ರೂ ಬಾಯಲ್ಲೇ ಯೋಳಿ.”

ಉತ್ತರ ಕೊಡದಿದ್ದರೆ ಈತ ಎದ್ದು ಹೋಗುತ್ತಾನೆ. ಕೊಟ್ಟರೆ...

ಕಣ್ಣು ಮುಚ್ಚಿದಳು. ಬಾಯಿ ತೆರೆದಳು.

ಬರೀ ಗಾಳಿ!

ಹೋಯಿತು... ಹೋಗೇಬಿಟ್ಟಿತು! ಕಣ್ಣಿಂದ ನೀರು ದಳದಳ ಇಳಿಯಿತು. ಅವನು ಅಲ್ಲಾಡಲಿಲ್ಲ, ಅವಳ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ. ಅವಳು ಇನ್ನೊಂದು ಸಲ ಹೊಟ್ಟೆಯಿಂದ ಒತ್ತಿದಳು.

“...ಆಯ್ತೀನಿ.”

ಒಡಕಲು ದನಿ. ದಪ್ಪ, ನೆಗಡಿಯಾದವರ ಹಾಗೆ. ಆದರೆ ದನಿ! ಒಳಗೆ ಅಡಿಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು. “ಸಿವನೇ, ನನ್ ಕೂಸು ಮಾತಾಡ್ತು!”

ಕುಸುಮ ಅಳುತ್ತಲೇ ಅವನನ್ನು ನೋಡಿದಳು.

“ಎಂಗದೆ...? ನಿಜ ಯೋಳಿ.”

“ಒಸಿ ಒರಟಾಗದೆ,” ಅಂದ ಅವನು. ಅವನ ಕೆನ್ನೆಯೂ ಒದ್ದೆಯಾಗಿತ್ತು.

“ಆಡಾಕೆ ಬರ್ದೇ ಓದ್ರೆ? ನಂಗೆ ಭಯ ಆಯ್ತದೆ ಬಸವೇಶ್...”

“ನಂಗೂ ಆಯ್ತದೆ. ನೀವು ಮಾತಾಡ್ತಾ ಇರಿ.”

“ಏನ್ ಮಾತಾಡ್ಲಿ?”

“ಏನಾರ. ನಮ್ಮವ್ವುನ್ನ ಎಂಗ್ ಒಪ್ಸದು ಅಂತ ಯೋಳಿ ಮೊದ್ಲು.”

ಅವಳು ಮೂಗು ಒರೆಸಿಕೊಂಡು, ಆ ಒಡಕು ದನಿಯಲ್ಲೇ, ಹೇಳತೊಡಗಿದಳು.