ತಟ್ಟೆಯಲ್ಲಿ ಮೂರು ದಳ

"ಗದಿಗೆಪ್ಪ ಅಂಕಲ್, ಸುರೇಶನ ಹೂವನ್ನ ಯಾರೋ ಕತ್ತರಿಸಿದಾರೆ. ಪೊಲೀಸ್ ಬೇಡ, ನೀವು ಬನ್ನಿ. ಅದು ಯಾರು ಅಂತ ಎಲ್ಲರ ಮುಂದೆ ಹೇಳ್ಬೇಕು. ನಂಗೆ ಬೇಕಾಗಿರೋದು ಅಷ್ಟೇ."

ಡಾಕ್ಟರ್ ಸ್ಮಿತಾ ಅಳುತ್ತಿರಲಿಲ್ಲ. ನರ್ಸಿಗೆ ಔಷಧದ ಪ್ರಮಾಣ ಹೇಳುವ ದನಿಯಲ್ಲಿ ಮಾತಾಡಿ ಫೋನ್ ಇಟ್ಟರು. ಗದಿಗೆಪ್ಪ ಅಂಕಲ್ ಅರ್ಧ ತಿಂದ ರೊಟ್ಟಿಯನ್ನು ತಟ್ಟೆಗೆ ಹಾಕಿ ನನ್ನ ಮುಖ ನೋಡಿದರು. ನಾನು ಕಾರಿನ ಕೀ ತೆಗೆದುಕೊಂಡೆ.

ಅಂಕಲ್ ಕೆಲಸ ಮಾಡುವುದು ಒಂದು ವಿಮಾ ಕಂಪನಿಯಲ್ಲಿ. ಸುಳ್ಳು ಅಪಘಾತಗಳನ್ನು ಹಿಡಿಯುವುದೇ ಅವರ ನೌಕರಿ. ಡೆಟ್ರಾಯಿಟ್ ಸುತ್ತಲಿನ ಕನ್ನಡದವರ ಮನೆಗಳಲ್ಲಿ ಪೊಲೀಸರಿಗೆ ಹೇಳಲಾಗದ್ದು ಏನಾದರೂ ನಡೆದರೆ ಫೋನ್ ಬರುವುದು ಇವರಿಗೇ. ಡಿಯರ್‌ಬಾರ್ನ್‌ನ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅಷ್ಟು ಅಪಘಾತ ನೋಡಿದ ಮನುಷ್ಯನಿಗೆ ಸ್ಟೀರಿಂಗ್ ಹಿಡಿಯಲು ಭಯ. ಹಾಗಾಗಿ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟು ನನ್ನನ್ನು ಡ್ರೈವರ್ ಮಾಡಿಕೊಂಡಿದ್ದರು.

"ಶಿವಾನಿ, ಆ ಹೂವಿನ ಜಗಳ ಇನ್ನೊಮ್ಮೆ ಹೇಳವಾ," ಅಂದರು ಫ್ರೀವೇ ಹತ್ತಿದ ಮೇಲೆ.

ಹೇಳಿದೆ. ಸ್ನೋಡ್ರಾಪ್ ಎಂದರೆ ಚಳಿಗಾಲ ಮುಗಿಯುವ ಮುಂಚೆಯೇ ಏಳುವ, ತಲೆ ತಗ್ಗಿಸಿ ನಿಲ್ಲುವ ಪುಟ್ಟ ಬಿಳಿ ಹೂ. ಹೊರಗೆ ಮೂರು ಬಿಳಿ ದಳ. ಅವುಗಳ ಮರೆಯಲ್ಲಿ ಮೂರು ಚಿಕ್ಕ ದಳ, ಅವುಗಳ ಮೇಲೆ ಹಸಿರು ಗುರುತು. ಹೊರದಳ ನೋಡಿ ಹೆಚ್ಚಿನ ತಳಿಗಳ ಹೆಸರು ಹೇಳಲಾಗದು. ಬಲ್ಲವರು ನೋಡುವುದು ಒಳಗಿನ ಹಸಿರನ್ನು. ನಮ್ಮ ಕಡೆ ಮಾರ್ಚ್ ಮುಗಿಯುವ ಹೊತ್ತಿಗೆ ಈ ಹೂಗಳ ಕಾಲವೂ ಮುಗಿಯುತ್ತದೆ. ಸ್ಮಿತಾರ ಗಂಡ ಸುರೇಶ್ ವರ್ಷಗಟ್ಟಲೆ ಬೀಜ ಬಿತ್ತಿ, ಏಪ್ರಿಲ್ ನಡುವೆ ಅರಳುವ, ಒಳದಳ ಪೂರ್ತಿ ಹಸಿರಾದ ಒಂದು ತಳಿ ಸೃಷ್ಟಿಸಿದ್ದರು. ಕ್ಯಾನ್ಸರ್ ಎಂದು ತಿಳಿದಾಗ ಅದರ ಒಂದೆರಡು ಗೆಡ್ಡೆಗಳನ್ನು ಚಿಕಾಗೋ ಹತ್ತಿರದ ಓಕ್ ಬ್ರೂಕಿನ ಗೆಳೆಯ, ದಂತವೈದ್ಯ ಪ್ರಸಾದ್‌ಗೆ ಕೊಟ್ಟರು. ಈ ಹವ್ಯಾಸಿಗಳಲ್ಲಿ ಅದೊಂದು ರೂಢಿ: ಅಪರೂಪದ್ದನ್ನು ಗೆಳೆಯನ ತೋಟದಲ್ಲೂ ಇಡುವುದು, ತನ್ನದು ಸತ್ತರೆ ಅವನಿಂದ ವಾಪಸ್ ಪಡೆಯುವುದು. ಸುರೇಶ್ ಆಸ್ಪತ್ರೆಯಲ್ಲಿದ್ದಾಗ ತೋಟದ್ದೆಲ್ಲ ಕೊಳೆಯಿತು. ಅವರು ಸತ್ತ ಮೇಲೆ ಸ್ಮಿತಾ ಕೇಳಿದಾಗ ಪ್ರಸಾದ್, "ನಂದೂ ಕೊಳೆತುಹೋಯ್ತು" ಎಂದ. ಎರಡು ವರ್ಷದ ನಂತರ ಚಿಕಾಗೋದ ಪ್ರದರ್ಶನದಲ್ಲಿ ಅದೇ ಹೂವನ್ನು ತಾನೇ ಬೆಳೆಸಿದ್ದೆಂದು ತನ್ನ ಹೆಸರಲ್ಲಿ ಇಟ್ಟ.

ಹೋದ ವರ್ಷ ಬೇಲಿಯ ಬುಡದಲ್ಲಿ ಸುರೇಶರ ಒಂದೇ ಒಂದು ಗೆಡ್ಡೆ ಉಳಿದಿದ್ದು ಸ್ಮಿತಾಗೆ ಸಿಕ್ಕಿತು. ಈ ಹೂ ಬೆಳೆಸುವವರ ಸಂಘಕ್ಕೆ ದೂರು ಕೊಟ್ಟರು. ಸಂಘ ಹೇಳಿದ್ದು ಇಷ್ಟು: ಜೀವಂತ ಹೂ ತೋರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಈ ತಿಂಗಳು ದಾಟಿದರೆ ಪ್ರಸಾದ್ ಹೆಸರೇ ಕಾಯಂ. ಇವತ್ತು ಆ ಹೋಲಿಕೆಯ ದಿನ.

"ವೈರಿ ರಾತ್ರಿ ಎಲ್ಲಿ ಉಳಕೊಂಡಾನ?"

"ಸ್ಮಿತಾ ಆಂಟಿ ಮನೇಲೇ. ಅವರೇ ಕರೆದ್ರಂತೆ."

"ಹೋಟೆಲ್ ಇರ್ಲಿಲ್ಲೇನು ಆನ್ ಆರ್ಬರ್‌ನಾಗ?" ಅಂದರು ಅಂಕಲ್.

ಆನ್ ಆರ್ಬರ್ ತಲುಪಿದಾಗ ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಸ್ಮಿತಾ ನೇರವಾಗಿ ಮನೆ ಹಿಂದಿನ ಮರದ ಜಗಲಿಗೆ, ಡೆಕ್‌ಗೆ, ಕರೆದೊಯ್ದರು. ಕುಂಡದಲ್ಲಿ ಎರಡು ಅಗಲ ಎಲೆ, ಬುಡದಲ್ಲಿ ಒಂದನ್ನೊಂದು ಬೀಡಾದ ಹಾಗೆ ಸುತ್ತಿಕೊಂಡಿದ್ದವು. ನಡುವೆ ಬೋಳು ದಂಟು, ತುದಿ ನುಣ್ಣಗೆ ಕತ್ತರಿಸಿತ್ತು.

"ನಿನ್ನೆ ಸಂಜೆ ಕತ್ತಲಾಗೋ ಹೊತ್ತಿಗೆ, ಕಿಟಕಿಯಿಂದಲೇ ಎಲ್ಲರಿಗೂ ತೋರಿಸಿದ್ದೆ. ಚಳಿಗೆ ಮುಚ್ಕೊಂಡಿತ್ತು. ಇವತ್ತು ಮಧ್ಯಾಹ್ನ ಐವತ್ತೈದು ಡಿಗ್ರಿ ದಾಟತ್ತೆ, ಬಿಸಿಲಿಗೆ ಅರಳತ್ತೆ ಅಂತ ಹೇಳಿದ್ದೆ."

"ವಾಸನಿ ಇತ್ತೇನ್ರಿ?"

"ಮುಚ್ಚಿರೋ ಹೂ ಆ ಚಳೀಲಿ ವಾಸನೆ ಬರಲ್ಲ. ಈ ಗೆಡ್ಡೆ ಹೂ ಬಿಟ್ಟಿದ್ದೇ ಮೊದಲ ಸಲ. ನಾನೇ ಮೂಸಿಲ್ಲ."

ಒಳಗೆ ಗಲಾಟೆ ನಡೆದಿತ್ತು. ಸುರೇಶರ ತಂದೆ ರೇವಣಪ್ಪ ಹಾವೇರಿಯಿಂದ ಬಂದು ಮೂರು ತಿಂಗಳಾಗಿತ್ತು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸೋಫಾದ ತುದಿಯಲ್ಲಿ ಕುಳಿತಿದ್ದರು. ಎದುರಿಗೆ ಕಿರಿಮಗ ಕಲ್ಮೇಶ್, ಡಿಯರ್‌ಬಾರ್ನ್‌ನ ಕಾರು ಎಂಜಿನಿಯರ್, ನಿಂತು ಬೈಯುತ್ತಿದ್ದ.

"ಅಪ್ಪಾ, ಕಿತ್ತಿದ್ರ ಕಿತ್ತೀನಿ ಅಂತ ಹೇಳಿಬಿಡು. ಮೊನ್ನೆ ಬಾಜೂ ಮನಿಯವರ ಹಳದಿ ಹೂವೂ ಹರಕೊಂಡು ಬಂದಿದ್ದಿ. ಆಕಿ ಬಾಗಿಲಿಗೆ ಬಂದು ಬೈದು ಹೋದ್ಲು, ಮರತ್ಯೇನು?"

"ಅದನ್ನ ಹರದಿದ್ದೆ, ಹರದೀನಿ ಅಂತನೂ ಹೇಳಿದ್ದೆ. ಇದನ್ನ ಹರದಿಲ್ಲ," ಅಂದರು ರೇವಣಪ್ಪ.

"ಹಂಗಾರ ನಿನ್ನ ಪೂಜಾ ತಟ್ಟಿಗೆ ಹ್ಯಾಂಗ ಬಂತು? ತಾನ ನಡಕೊಂಡು ಬಂತೇನು?"

ತಟ್ಟೆಯಲ್ಲಿ ಹಳದಿ ಫೋರ್ಸಿಥಿಯಾ ಹೂಗಳ ನಡುವೆ ಮೂರು ಬಿಳಿ ದಳಗಳಿದ್ದವು. ಮುದುಕ ಹಿಂದಿನ ಸಂಜೆಯೇ ಹೂ ತಂದು ತಟ್ಟೆಗೆ ಹಾಕಿ, ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರಂತೆ. ಪೂಜೆ ಮುಗಿಸಿ ಎದ್ದಾಗಲೇ ಬಿಳಿ ದಳ ಕಂಡದ್ದಂತೆ. ಕಲ್ಮೇಶ್ ಅದನ್ನು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ.

"ಬಿಡಿ ಕಲ್ಮೇಶ್," ಅಂದ ಪ್ರಸಾದ್, ಕಾಫಿ ಕುಡಿಯುತ್ತ. ಇಸ್ತ್ರಿ ಮಾಡಿದ ಅಂಗಿ, ದಂತವೈದ್ಯರ ನಗು. "ವಯಸ್ಸಾದವರು. ಜೇನಿನ ಹಾಗೆ ಘಮ್ ಅನ್ನೋ ಹೂವು, ಯಾರಿಗೆ ಕೈ ಹೋಗಲ್ಲ? ದೇವರ ಪಾಲಾಯ್ತು ಅನ್ಕೊಳ್ಳೋಣ. ಸ್ಮಿತಾ, ಮುಂದಿನ ವರ್ಷ ನೋಡೋಣ."

ಸ್ಮಿತಾ ಮಾತಾಡಲಿಲ್ಲ. ಮಾವನ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ.

"ನಾ ಮೊದಲ ಹೇಳಿದ್ದೆ ವೈನಿ," ಅಂದ ಕಲ್ಮೇಶ್. "ಒಂದು ಹೂವಿನ ಸಲುವಾಗಿ ನಾಕು ಮಂದಿ ಮುಂದ ಹೋಗಬ್ಯಾಡ್ರಿ ಅಂತ. ಈಗ ನೋಡ್ರಿ." ಕೋಪದಲ್ಲಿ ಹೋಗಿ ಗ್ಯಾರೇಜಿನ ಬಾಗಿಲಿಗೆ ಕೈ ಹಾಕಿದ. "ಒಂದು ಸೋಡಾ ತರ್ತೀನಿ."

"ಆ ಫ್ರಿಜ್ ಕೆಟ್ಟಿದೆ. ಇಲ್ಲಿರೋದೇ ತಗೋ," ಅಂದರು ಸ್ಮಿತಾ.

ಬಾಗಿಲ ಹಿಂದೆ ಫ್ರಿಜ್ಜಿನ ಮೋಟಾರು ಗುಂಯ್ ಎನ್ನುತ್ತಿತ್ತು. ಅಂಕಲ್ ನನ್ನ ಕಡೆ ನೋಡಿದರು. ನನಗೆ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಸಂಘದ ಕಾರ್ಯದರ್ಶಿ ಮಂಜರಿ ಚಿಕಾಗೋದಿಂದ ಬಂದಳು. ಅಲ್ಲೇ ಹುಟ್ಟಿದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. "ಸೋ, ನೋ ಫ್ಲವರ್?" ಎಂದು ಕುರ್ಚಿ ಎಳೆದುಕೊಂಡಳು. ಹೋಲಿಕೆಗೆಂದು ಪ್ರಸಾದ್ ತಂದಿದ್ದ ಕುಂಡ ಊಟದ ಮೇಜಿನ ಮೇಲಿತ್ತು. ಮನೆಯ ಬಿಸಿಗೆ ಹೂ ಚೆನ್ನಾಗಿ ಅರಳಿತ್ತು. ಒಳದಳ ಪೂರ್ತಿ ಹಸಿರು. ಎಲೆಯ ಎರಡೂ ಅಂಚು ಪಂಚೆಯ ಅಂಚು ಹೊಲಿದ ಹಾಗೆ ಹಿಂದಕ್ಕೆ ಮಡಚಿತ್ತು.

ಅಂಕಲ್ ಡೆಕ್ಕಿನ ಕುಂಡವನ್ನೂ ತಂದು ಅದರ ಪಕ್ಕ ಇಟ್ಟರು. ಪೂಜಾ ತಟ್ಟೆ ಅದರ ಮುಂದೆ.

"ಎಲ್ಲಾರೂ ಕುಂದರ್ರಿ. ಮೊದಲ ಈ ತಟ್ಟಿ. ಯಜಮಾನ್ರ, ಹೂವಿನ ದಳ ಹರಿದು ಲಿಂಗಕ್ಕ ಏರಿಸ್ತೀರೇನ್ರಿ?"

ರೇವಣಪ್ಪ ತಲೆ ಎತ್ತಿದರು. "ಹರಕ ಹೂವು ಏರಿಸ್ತಾರೇನ್ರಿ? ಇಡೀ ಹೂವು ಬೇಕು."

"ನಾನೂ ಲಿಂಗ ಕಟ್ಟಿದಾವ. ನಮ್ಮನ್ಯಾಗೂ ಹಂಗ ಕಲಿಸ್ಯಾರ. ತಟ್ಟಿಯೊಳಗಿನ ಉಳಿದ ಹೂವೆಲ್ಲ ಇಡಿಯಾಗಿ ಅದಾವ. ಈ ಬಿಳಿ ಹೂವಿಂದು ಮಾತ್ರ ಮೂರು ದಳ. ಅದೂ ಹೊರಗಿನ ಮೂರು. ಒಳಗಿನ ಮೂರು ಎಲ್ಲಿ ಹೋದವು? ಮಂಜರಿ, ಬರೇ ಈ ದಳ ನೋಡಿ ತಳಿ ಹೇಳ್ತೀಯೇನವಾ?"

"ನೋ ವೇ, ಅಂಕಲ್. ಒಳಗಿನ ಮಾರ್ಕ್ ಬೇಕು."

"ಕರೆಕ್ಟ್. ಅಂದ್ರ ಸಾಕ್ಷಿ ಹೇಳೂ ದಳ ಬಚ್ಚಿಟ್ಟು, ಹೇಳದ ದಳ ತಟ್ಟಿಗೆ ಹಾಕ್ಯಾರ. ಯಜಮಾನ್ರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಕಲ್ಮೇಶಗ ಗುಲಾಬಿಗೂ ದಾಸವಾಳಕ್ಕೂ ವ್ಯತ್ಯಾಸ ಗೊತ್ತಿಲ್ಲ."

"ಅದು ಖರೆ ಐತ್ರಿ," ಅಂದ ಕಲ್ಮೇಶ್.

"ಇದನ್ನ ಮಾಡಿದವರಿಗೆ ಹೂವು ಓದಲಿಕ್ಕೆ ಬರ್ತಿತ್ತು, ಪೂಜಿ ಮಾಡಲಿಕ್ಕೆ ಬರ್ತಿರ್ಲಿಲ್ಲ. ಅಂಥವರು ಈ ಮನ್ಯಾಗ ಇಬ್ಬರು. ಸ್ಮಿತಾ ಅವರು ತಮ್ಮ ಸಾಕ್ಷಿ ತಾವ ಯಾಕ ಕತ್ತರಿಸ್ತಾರ?"

ಪ್ರಸಾದ್ ನಕ್ಕ. "ಇದೇನು ನಿಮ್ಮ ವಿಮಾ ಆಫೀಸಾ? ಬರೀ ಊಹೆ."

"ಹೌದ್ರಿ, ಇಲ್ಲೀತನಕ ಊಹೆನೇ. ಪ್ರಸಾದ್ ಡಾಕ್ಟರೇ, ಮುಂಜಾನೆ ನೀವು ಆ ಹೂವು ಜೇನಿನ ಹಂಗ ಘಮ್ ಅಂತಿತ್ತು ಅಂದ್ರಿ. ನಿನ್ನೆ ಚಳಿಯೊಳಗ ಅದು ಮುಚ್ಚಿತ್ತು, ವಾಸನಿ ಇರ್ಲಿಲ್ಲ. ಸ್ಮಿತಾ ಅವರೇ ಮೂಸಿಲ್ಲ. ಯಜಮಾನ್ರಂತೂ ದೇವರ ಹೂವು ಮೂಸೂದಿಲ್ಲ. ಬೆಚ್ಚಗಿನ ಖೋಲ್ಯಾಗ ಕುಂತು ಅದರ ದಳ ಬಿಚ್ಚಿದವರಿಗಷ್ಟ ಆ ವಾಸನಿ ಸಿಕ್ಕಿರ್ತೈತಿ. ನಿಮಗ ಹ್ಯಾಂಗ ಗೊತ್ತಾತು?"

ಪ್ರಸಾದ್ ಕಪ್ ಕೆಳಗಿಟ್ಟ. ಆದರೆ ತಡವರಿಸಲಿಲ್ಲ. "ಸಿಂಪಲ್. ಅದೂ ನನ್ನದೂ ಒಂದೇ ಅಂತ ತಾನೇ ಇವರ ಕಂಪ್ಲೇಂಟು? ನನ್ನ ಹೂವಿಗೆ ಜೇನಿನ ವಾಸನೆ ಇದೆ. ಅದಕ್ಕೂ ಇರತ್ತೆ ಅಂದ್ಕೊಂಡೆ."

"ಮಂಜರಿ, ಅವರ ಹೂವು ಮೂಸಿ ನೋಡವಾ."

ಮಂಜರಿ ಮೇಜಿನ ಮೇಲೆ ಬಾಗಿ ಪ್ರಸಾದ್ ತಂದ ಹೂವಿಗೆ ಮೂಗು ತಾಗಿಸಿದಳು. ಇನ್ನೊಮ್ಮೆ ಮೂಸಿದಳು. "ನಥಿಂಗ್. ವಾಸನೇನೇ ಇಲ್ಲ."

ನಾನೂ ಮೂಸಿದೆ. ಮಣ್ಣಿನ ವಾಸನೆ ಮಾತ್ರ ಇತ್ತು. ಪ್ರಸಾದ್ ತನ್ನ ಹೂವನ್ನು ಮೂಸಲಿಲ್ಲ. ಅವನಿಗೆ ಗೊತ್ತಿತ್ತು.

"ಹಂಗಾರ ನೀವು ಕತ್ತರಿಸಿದ ಹೂವಿಗೆ ಜೇನಿನ ವಾಸನಿ, ನಿಮ್ಮ ಹೂವಿಗೆ ವಾಸನಿನೇ ಇಲ್ಲ," ಅಂದರು ಅಂಕಲ್. "ಅಂದ್ರ ಎರಡೂ ಬ್ಯಾರೆ ಬ್ಯಾರೆ ತಳಿ. ಎಲಿ ನೋಡ್ರಿ. ನಿಮ್ಮದರ ಅಂಚು ಮಡಚೇತಿ. ಡೆಕ್ಕಿನ ಕುಂಡದ್ದು ಒಂದನ್ನೊಂದು ಸುತ್ತಿಕೊಂಡೈತಿ. ಒಳಗ ಹಸಿರಿರೂ ತಳಿ ಬೇಕಾದಷ್ಟು ಅದಾವಂತ. ದೀಪ ಹಚ್ಚಿದ್ರ ಮಂದಿ ನೋಡ್ತಾರಂತ ಕತ್ತಲದಾಗ ಹೋಗಿ ಹೂವು ಕೊಯ್ದ್ರಿ. ಎಲಿ ನೋಡಲಿಲ್ಲ. ನೀವು ಬ್ಯಾರೆ ಹೂವು ಕೊಂದೀರಿ."

ನನಗೆ ಆಗ ಹೊಳೆಯಿತು. ಮಂಜರಿಗೂ ಹೊಳೆಯಿತು ಅನಿಸುತ್ತದೆ. ಇಬ್ಬರೂ ಸ್ಮಿತಾರನ್ನು ನೋಡಿದೆವು.

"ಶಿವಾನಿ, ಗ್ಯಾರೇಜಿನ್ಯಾಗ ಒಂದು ಕೆಟ್ಟ ಫ್ರಿಜ್ ಐತೆಲ್ಲ, ಗುಂಯ್ ಅಂತೇತೆಲ್ಲ," ಅಂದರು ಅಂಕಲ್. "ಅದರಾಗ ಏನೈತಿ ನೋಡವಾ."

ದೋಸೆ ಹಿಟ್ಟಿನ ಪಾತ್ರೆಯ ಹಿಂದೆ, ಕಾಗದದ ಚೀಲ ಮುಚ್ಚಿ, ಒಂದು ಚಿಕ್ಕ ಕುಂಡವಿತ್ತು. ತಂದು ಮೇಜಿನ ಮೇಲೆ ಇಟ್ಟೆ. ಯಾರೂ ಏಳಲಿಲ್ಲ. ಹೂ ನಿಧಾನಕ್ಕೆ ಬೆಚ್ಚಗಾಗಿ ಹೊರದಳಗಳನ್ನು ಎತ್ತಿತು. ಒಳದಳ ಪೂರ್ತಿ ಹಸಿರು. ಎಲೆಯ ಅಂಚು ಮಡಚಿದ್ದು. ಮಂಜರಿ ಎರಡು ಕುಂಡಗಳ ನಡುವೆ ಬಾಗಿ ಬಹಳ ಹೊತ್ತು ನೋಡಿದಳು, ಮೂಸಿದಳು, ಫೋಟೊ ತೆಗೆದಳು.

"ಸೇಮ್ ಪ್ಲಾಂಟ್," ಅಂದಳು. "ಪ್ರಸಾದ್ ಅಂಕಲ್, ಯಾರು ಬೆಳೆಸಿದ್ದು ಇದನ್ನ?"

"ಇದು ಮೋಸ," ಅಂದ ಪ್ರಸಾದ್. "ಬೇಕಂತಲೇ ನನ್ನನ್ನ ಕರೆಸಿ—"

"ಹೌದು, ಬೇಕಂತಲೇ," ಅಂದರು ಸ್ಮಿತಾ. "ಬೇರೆ ತಳಿ ಹೂವನ್ನ ಫ್ರಿಜ್ಜಲ್ಲಿಟ್ಟು ತಡ ಮಾಡಿ ಡೆಕ್ಕಲ್ಲಿ ಇಟ್ಟಿದ್ದೆ. ಗೆಸ್ಟ್ ರೂಮಿಂದ ಡೆಕ್ ಹತ್ತಿರ ಇದೆ ಅಂತ ನಿಮಗೆ ಅಲ್ಲೇ ಹಾಸಿಗೆ ಹಾಕಿದ್ದೆ. ಸುಮ್ನೆ ಎರಡು ಹೂ ಪಕ್ಕ ಇಟ್ಟಿದ್ರೆ, ಅದೂ ಇದೂ ಬೇರೆ ಬೇರೆ ಕಡೆ ಹುಟ್ಟಿರಬಹುದು ಅಂತ ವಾದ ಮಾಡ್ತಿದ್ರಿ. ಕಳ್ಳನಲ್ಲದವನು ಕತ್ತರಿ ಹಿಡ್ಕೊಂಡು ಹೋಗಲ್ಲ. ಅವರು ಕೇಳಿದ್ದಕ್ಕೆ ಹೇಳಿ. ಯಾರು ಬೆಳೆಸಿದ್ದು?"

ಪ್ರಸಾದ್ ಬಾಗಿಲ ಕಡೆ ನೋಡಿದ, ಆಮೇಲೆ ಮೇಜಿನ ಮೇಲಿನ ಎರಡು ಕುಂಡಗಳನ್ನು ನೋಡಿದ.

"ಸುರೇಶ್," ಅಂದ ಪ್ರಸಾದ್.

"ಜೋರಾಗಿ."

"ಸುರೇಶ್ ಬೆಳೆಸಿದ್ದು."

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅಂಕಲ್ ಏಳಲಿಲ್ಲ.

"ಇನ್ನೊಂದು ಐತಿ, ಸ್ಮಿತಾ ಅವರೇ. ತಟ್ಟಿಯೊಳಗ ಹೊರದಳ ನೋಡಿದ ಕೂಡಲೇ ನಿಮಗ ಗೊತ್ತಾಗಿತ್ತು, ಇದು ಮಾವನವರ ಕೆಲಸ ಅಲ್ಲ ಅಂತ. ನನಗಿಂತ ಮೊದಲ ಗೊತ್ತಾಗಿತ್ತು. ಮುಂಜಾನಿಂದ ಮಗ ಅವರನ್ನ ಬೈಯ್ಯಾಕತ್ತಾನ. ನೀವು ಸುಮ್ಮನ ಕುಂತ್ರಿ."

"ಬಾಯಿ ಬಿಟ್ಟಿದ್ರೆ ಇವನಿಗೆ ಅನುಮಾನ ಬರ್ತಿತ್ತು. ಮಂಜರಿ ಬರೋ ಮೊದಲೇ ಕಾರು ಹತ್ತಿ ಹೋಗ್ಬಿಡ್ತಿದ್ದ."

"ಹೋಗ್ತಿದ್ದ, ಖರೆ," ಅಂದರು ಅಂಕಲ್. ಅವರೂ ಅದನ್ನು ಅಲ್ಲಗಳೆಯಲಿಲ್ಲ.

ರೇವಣಪ್ಪ ಎದ್ದರು. ಮೊದಲು ಕಲ್ಮೇಶ್‌ನನ್ನು ನೋಡಿದರು. ಅವನು ಕಾರ್ಪೆಟ್ ನೋಡುತ್ತಿದ್ದ. ಆಮೇಲೆ ಸೊಸೆಯನ್ನು ನೋಡಿದರು.

"ಮಗನ ಹೆಸರು ಉಳೀತು, ಛಲೋ ಆತು. ನೀ ಮಾಡಿದ್ದು ಅವಗೋಸ್ಕರ ಅಂತ ತಿಳೀತೈತಿ ನನಗ. ಖರೆ, ಅವ ಇದ್ದಿದ್ರ ನನ್ನ ಹಿಂಗ ಕುಂಡ್ರಸತಿದ್ದಿಲ್ಲ. ಕಲ್ಮೇಶಾ, ಗಾಡಿ ತಗಿ. ನಿನ್ನ ಮನಿಗೇನೂ ಭಾಳ ಖುಷಿಲೆ ಬರಾಕತ್ತಿಲ್ಲ ನಾ."

ಸ್ಮಿತಾ ತಡೆಯಲಿಲ್ಲ. ಮುದುಕ ಒಳಗೆ ಹೋಗಿ ತನ್ನ ಪೂಜೆಯ ಸಾಮಾನು ಕಟ್ಟಿಕೊಂಡು ಬಂದರು. ಬಾಗಿಲಲ್ಲಿ ಅವರಿಗೆ ಬೂಟು ಹಾಕಲು ಕಲ್ಮೇಶ್ ಬಗ್ಗಿದಾಗ ಅವನ ಕೈ ಸರಿಸಿ ತಾವೇ ಹಾಕಿಕೊಂಡರು.

ಪ್ರಸಾದ್ ತನ್ನ ಕುಂಡಕ್ಕೆ ಕೈ ಚಾಚಿದ.

"ಅದು ಇಲ್ಲೇ ಇರತ್ತೆ," ಅಂದರು ಸ್ಮಿತಾ. "ಓಕ್ ಬ್ರೂಕ್‌ನಲ್ಲಿ ಇನ್ನೆಷ್ಟಿವೆ?"

"ಒಂದು ಸಾಲು."

"ನಾಳೆ ಬರ್ತೀನಿ. ಸಲಿಕೆ ನಂದೇ ತರ್ತೀನಿ. ನೀವೇ ಅಗೆದು ಕೊಡ್ಬೇಕು. ನಿಮ್ಮ ಹೆಂಡತಿ, ಅಕ್ಕಪಕ್ಕದವರು, ಎಲ್ಲರೂ ನೋಡ್ಲಿ. ಮಂಜರಿ, ನೀನೂ ಬರ್ತೀಯಲ್ಲ?"

"ಓ, ಐ ವುಡಂಟ್ ಮಿಸ್ ಇಟ್," ಅಂದಳು ಮಂಜರಿ.

ಸ್ಮಿತಾ ನಮ್ಮನ್ನು ಊಟಕ್ಕೆ ಕರೆದರು. ಅಂಕಲ್ ಬೇಡ ಅಂದರು. ಅವರ ಜೊತೆ ಇದ್ದ ಇಷ್ಟು ದಿನಗಳಲ್ಲಿ ಊಟ ಬೇಡ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾವು ಹೊರಬಿದ್ದಾಗ ಕಲ್ಮೇಶ್‌ನ ಕಾರು ಡ್ರೈವ್‌ವೇಯಿಂದ ಹಿಂದಕ್ಕೆ ಸರಿಯುತ್ತಿತ್ತು. ರೇವಣಪ್ಪ ನೇರ ಮುಂದೆ ನೋಡುತ್ತ ಕುಳಿತಿದ್ದರು. ತೆರೆದ ಬಾಗಿಲಲ್ಲಿ ಸ್ಮಿತಾ ನಿಂತಿದ್ದರು. ಒಂದು ಕಂಕುಳಲ್ಲಿ ಸುರೇಶರ ಕುಂಡ, ಇನ್ನೊಂದರಲ್ಲಿ ಪ್ರಸಾದ್‌ದು. ಕಾರಿನ ಕಡೆ ಅವರು ನೋಡಲಿಲ್ಲ.

"ಶಿವಾನಿ, ಗ್ಯಾರೇಜ್ ಬಾಗಿಲು ತೆಗಿ," ಅಂದರು. "ಫ್ರಿಜ್ಜಲ್ಲಿ ಇಡ್ತೀನಿ, ಬಿಸಿಗೆ ಹೂ ಬೇಗ ಬಾಡತ್ತೆ. ನಾಳೆ ತನಕ ಇದು ಬಾಡಬಾರದು, ಓಕ್ ಬ್ರೂಕಿಗೆ ತಗೊಂಡು ಹೋಗ್ತೀನಿ."