ಮುಚ್ಚಳವಿಲ್ಲದ ಹಂಡೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡುವ ಮೊದಲು, ಜವೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ಜವೆಗೋಧಿಯನ್ನು ಮೊಳಕೆ ಕಟ್ಟಿ, ಅದರ ಸಿಹಿ ರಸ ಕುದಿಸಿ ಹೆಂಡ ಮಾಡುತ್ತಿದ್ದರು. ಕುದಿಸುವಾಗ ಹಂಡೆಗೆ ಮುಚ್ಚಳ ಬಿಗಿಯುತ್ತಿದ್ದರು. ಘಮ ಹೊರಗೆ ಹೋದರೆ ಮನೆಯ ಲಕ್ಷ್ಮಿಯೇ ಹೋದಂತೆ ಅಂತ ಅವರ ನಂಬಿಕೆ, ಏನು ಮಾಡುತ್ತೀರಿ!

ಇದನ್ನು ಕಂಡ ಮಬ್ಬಯ್ಯನೆಂಬ ಮಾಂತ್ರಿಕ ತನ್ನ ಪ್ರಾಣವನ್ನು ಕೊಳೆತ ವಾಸನೆ ಮಾಡಿ ನಾಡಿನ ಜವೆಯಲ್ಲೆಲ್ಲ ಅಡಗಿಸಿಟ್ಟ. ಮುಚ್ಚಿದ ಹಂಡೆಯಿಂದ ಅದು ಎಂದೂ ಹೊರಗೆ ಹೋಗದಲ್ಲ! ಆ ಜವೆಯ ಹೆಂಡ ಕುಡಿದವರು ನಿಂತಲ್ಲೇ ಕಲ್ಲಾದರು. ದ್ಯಾವಮ್ಮ ಎಂಬವಳು ಮಾಡಿದ ಹೆಂಡ ಕುಡಿದು ಅವಳ ತಮ್ಮ ಸಣ್ಣೀರ ಜಗಲಿಯಲ್ಲೇ ಕಲ್ಲಾದ. ತಾಯಿಯಿಲ್ಲದ ಅವನನ್ನು ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಕೈಯಾರೆ ಕಲ್ಲು ಮಾಡಿದೆನಲ್ಲ ಎಂದು ಅಳುತ್ತ ಅವಳು ಉಪಾಯ ಹುಡುಕಿ ಕಾಡಿಗೆ ಹೋದಳು.

ಕಾಡಿನ ಮುದುಕಿಯೊಬ್ಬಳು ಉಪಾಯ ಹೇಳಿದಳು. "ಆ ಜವೆಯ ರಸವನ್ನು ಬಾಯಿ ತೆರೆದ ಹಂಡೆಯಲ್ಲಿ ಮೂರು ಗಳಿಗೆ ಕುದಿಸು ಮಗಳೇ. ಒಂದು ಹಂಡೆಯಿಂದ ಹೊರಟರೂ ಸಾಕು, ಮಬ್ಬಯ್ಯನ ಪ್ರಾಣವೆಲ್ಲ ಹಬೆಯಾಗಿ ಹೋಗುತ್ತದೆ. ಉಕ್ಕಿ ಚೆಲ್ಲಬಾರದು, ಕುದಿ ನಿಲ್ಲಬಾರದು, ಮುಚ್ಚಲೂಬಾರದು. ತಪ್ಪಿದೆಯೋ, ನಿನ್ನ ತಮ್ಮ ಎಂದೆಂದಿಗೂ ಕಲ್ಲೇ."

ದ್ಯಾವಮ್ಮ ಹಿತ್ತಿಲಲ್ಲಿ ಒಲೆ ಹೂಡಿದಳು. ಮೊದಲ ಗಳಿಗೆಯಲ್ಲಿ ರಸ ಕುದಿಗೆ ಬರುತ್ತಲೇ ನೊರೆ ಹಾವಾಗಿ ಎದ್ದು, ಹೆಡೆ ಬಿಚ್ಚಿ, ಹಂಡೆಯ ಅಂಚಿಗೆ ಬಂತು. ಅವಳು ಕೊಳ್ಳಿಯೊಂದನ್ನು ಹೊರಗೆಳೆದಳು, ಬೊಗಸೆ ನೀರು ಚಿಮುಕಿಸಿದಳು, ಮರದ ಹುಟ್ಟಿನಿಂದ ತಿರುವಿದಳು. ಹಾವು ಇಳಿಯಿತು. ಆಮೇಲೆ ಹೆಂಡದ ರುಚಿಗೆ ಹಾಕುವ ಕಹಿ ಹೂವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದಳು. ಒಮ್ಮೆಲೇ ಸುರಿದರೆ ಮತ್ತೆ ಉಕ್ಕುತ್ತದಲ್ಲ.

ಎರಡನೆಯ ಗಳಿಗೆಯಲ್ಲಿ ಬೆಂಕಿ ತಿನ್ನುವ ನರಿ ಬಂದು ಕೆಂಡ ಮುಕ್ಕತೊಡಗಿತು. ಕುದಿ ಸಣ್ಣದಾಯಿತು.

"ಹಸಿವಾ? ತಗೋ," ಎಂದು ದ್ಯಾವಮ್ಮ ಹೊಗೆಯಾಡುವ ಹಸಿ ಕಟ್ಟಿಗೆ ಕೊಟ್ಟಳು. ನರಿ ಹೊಗೆ ನುಂಗಿ, ಕೆಮ್ಮಿ ಕೆಮ್ಮಿ ಓಡಿತು. ಅವಳು ಒಣ ಸೌದೆ ಒಟ್ಟಿ ಕುದಿ ಏರಿಸಿದಳು.

ಮೂರನೆಯ ಗಳಿಗೆಗೆ ಮಬ್ಬಯ್ಯನೇ ಚಿನ್ನದ ಮುಚ್ಚಳ ಹಿಡಿದು ಬಂದ.

"ಎಷ್ಟು ಹೊತ್ತಮ್ಮ ನಿಲ್ಲುತ್ತೀಯ? ಇದನ್ನು ಮುಚ್ಚಿ ಹೋಗು. ಅಲ್ಲಿ ತಮ್ಮ ಕರೀತಿದ್ದಾನೆ."

ಹೌದು, ಜಗಲಿಯಿಂದ ದನಿ ಬಂತು. "ಅಕ್ಕಾ, ಮೈಯೆಲ್ಲ ಚಳಿ ಕೊರೀತಿದೆ. ಬಾ ಅಕ್ಕಾ."

ಅದು ಮಾಯೆಯಲ್ಲ, ಹಬೆ ಹೋದಷ್ಟೂ ಕಲ್ಲಿನೊಳಗೆ ಸಣ್ಣೀರನಿಗೆ ದನಿ ಮರಳುತ್ತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನು ಕರೆಯುತ್ತಿದ್ದುದೂ ಹಾಗೆಯೇ. ದ್ಯಾವಮ್ಮನ ಕಾಲು ತಾನಾಗಿ ಅತ್ತ ತಿರುಗಿತು. ಅಷ್ಟರಲ್ಲಿ ನೊರೆ ಮತ್ತೆ ಏರಿತು. ಅವಳು ಅಳುತ್ತಲೇ ತಿರುವಿದಳು. ಅವನು ಕರೆದ, ಅವಳು ತಿರುವಿದಳು. ಮತ್ತೆ ಕರೆದ, ಮತ್ತೆ ತಿರುವಿದಳು. ಹಬೆ ಏರಿದಷ್ಟೂ ಮಬ್ಬಯ್ಯ ತೆಳ್ಳಗಾದ. ಮೂರು ಗಳಿಗೆ ತುಂಬುವ ಹೊತ್ತಿಗೆ ಮುಚ್ಚಳವೊಂದೇ ನೆಲದಲ್ಲಿ ಬಿದ್ದಿತ್ತು.

ನಾಡಿನ ಕಲ್ಲುಗಳೆಲ್ಲ ಮೈ ಮುರಿದು ಮನುಷ್ಯರಾಗಿ ಎದ್ದವು. ಜವೆನಾಡಿನವರು ಅಂದಿನಿಂದ ಉಂಡುಟ್ಟು ನೆಮ್ಮದಿಯಾಗಿದ್ದರು.

ಆದರೆ ಆ ದಿನ ಸಣ್ಣೀರ ಹಿತ್ತಿಲಿಗೆ ಬಂದವನೇ ಕೇಳಿದ. "ಅಷ್ಟು ಕರೆದೆನಲ್ಲ ಅಕ್ಕಾ, ಕೇಳಿಸಲಿಲ್ಲವಾ?"

"ಕೇಳಿಸ್ತು ಕಣಪ್ಪ. ಒಂದೊಂದು ಸಲವೂ ಕೇಳಿಸ್ತು."

ಸಣ್ಣೀರ ಬೊಬ್ಬೆ ಎದ್ದ ಅವಳ ಅಂಗೈ ಹಿಡಿದುಕೊಂಡು ಪಕ್ಕದಲ್ಲೇ ಕುಳಿತ.