ಬಿಚ್ಚಿದ ಸ್ವೆಟರಿನ ನೂಲು

"ಈ ಬಣ್ಣ ಈಗೆಲ್ಲಿ ಬರುತ್ತೆ ವಿಮಲಮ್ಮಾ? ಮೂರು ವರ್ಷದ ಹಳೇ ಉಲ್ಲನ್ ತಂದು ಮ್ಯಾಚಿಂಗ್ ಕೇಳಿದ್ರೆ ನಾನೇನು ಮ್ಯಾಜಿಕ್ ಮಾಡ್ಲಾ? ಸ್ವಲ್ಪ ಬಿಳಿ ಸೇರಿಸ್ಕೊಳ್ಳಿ, ಚೆನ್ನಾಗೇ ಕಾಣುತ್ತೆ."

ಗಾಂಧಿ ಬಜಾರಿನ ಅಂಗಡಿಯ ಚಂದ್ರು ನಿಂಬೆಹಳದಿ ಉಂಡೆಯನ್ನು ಅಂಗೈಯಲ್ಲೇ ತೂಗಿ ನೋಡಿ ವಾಪಸು ಕೊಟ್ಟ.

"ಬೇರೆ ಸೇರಿಸೋ ಹಾಗಿಲ್ಲಪ್ಪ. ಇದೇ ಬಣ್ಣ ಆಗ್ಬೇಕು."

"ಯಾರಿಗೆ, ಮೊಮ್ಮಗೂಗಾ? ಇನ್ನೂ ಹೆರಿಗೆ ಆಗಿಲ್ಲ ಅಂದ್ರಿ?"

ವಿಮಲಮ್ಮ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಹುಟ್ಟುವ ಮುಂಚೆ ಕೂಸಿಗೆ ಹೊಸ ಬಟ್ಟೆ ಮಾಡಬಾರದು, ಮೊದಲು ಹಳೇ ಬಟ್ಟೆಯಲ್ಲೇ ಸುತ್ತಬೇಕು ಎಂದು ವಿನೋಬನಗರದ ತಮ್ಮ ಬೀದಿಗೆಲ್ಲ ಬುದ್ಧಿ ಹೇಳುತ್ತಿದ್ದವರು ಅವರೇ. ಮೂರು ವರ್ಷದ ಹಿಂದೆ, ಏಳು ತಿಂಗಳ ಬಸುರಿ ಸೊಸೆ ಸುಮನಾ ಕದ್ದುಮುಚ್ಚಿ ಹೆಣೆದಿದ್ದ ಪುಟ್ಟ ಸ್ವೆಟರನ್ನು ಅವಳ ಕಣ್ಣೆದುರೇ ಸರಸರನೆ ಬಿಚ್ಚಿ ಹಾಕಿದ್ದರು. "ಅತ್ತೆ, ಒಂದು ತೋಳು ಮಾತ್ರ ಬಾಕಿ ಇದೆ..." ಎಂದು ಅವಳು ಕೈ ಹಿಡಿದುಕೊಂಡರೂ ಕೇಳಲಿಲ್ಲ. ತಿಂಗಳೊಳಗೆ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಲ್ಲಿ ಹತ್ತು ಜನರೆದುರು ವಿಮಲಮ್ಮ ಎದೆ ಬಡಿದುಕೊಂಡರು: "ಬೇಡ ಬೇಡ ಅಂದ್ರೂ ಹೆಣೆದಳಲ್ಲ ಮಾರಾಯ್ತಿ!"

ಆ ಮಾತು ದುಃಖದಲ್ಲಿ ಜಾರಿದ್ದು, ಇರಲಿ. ಆದರೆ ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಅವರೊಬ್ಬರನ್ನೇ ಕರೆದು, ಹೊಕ್ಕುಳಬಳ್ಳಿ ಗಂಟಾಗಿತ್ತು, ಯಾರ ತಪ್ಪೂ ಅಲ್ಲ ಎಂದಿದ್ದರು. ಮಗ ವಸಂತ ಔಷಧಿಗೆ ಓಡಿದ್ದ; ಸೊಸೆ ಮಂಪರಿನಲ್ಲಿದ್ದಳು. ಆಮೇಲಾದರೂ ಹೇಳಬೇಕಿತ್ತು... ಹೇಳಲಿಲ್ಲ! ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅತ್ತೆತನ ಬಿಡಲಿಲ್ಲ.

ಈಗ ಸುಮನಾ ಮತ್ತೆ ತುಂಬು ಬಸುರಿ, ಭದ್ರಾವತಿಯ ತವರಿನಲ್ಲಿದ್ದಾಳೆ. ಮೊನ್ನೆ ವಸಂತ ಊಟಕ್ಕೆ ಕೂತವನು ಹೇಳಿದ: "ಅವಳು ಒಂದು ಮೊಳ ಹೂವೂ ಕಟ್ಟಲ್ಲಮ್ಮ. ನನ್ನ ಕೈ ಕೆಟ್ಟದ್ದು, ಇದರಲ್ಲಿ ಏನು ಮಾಡಿದ್ರೂ ಮಗೂಗೆ ತಾಗುತ್ತೆ ಅಂತಾಳೆ." ವಿಮಲಮ್ಮ ಅರ್ಧ ಊಟಕ್ಕೇ ಎದ್ದರು.

ಅಂದೇ ಟ್ರಂಕಿನ ತಳದಿಂದ ಆ ಹಳದಿ ನೂಲು ಹೊರಬಂದಿತ್ತು. ಅರ್ಧ ನೂಲು ಉಪ್ಪಿನಕಾಯಿ ಜಾಡಿಗಳ ಬಾಯಿ ಕಟ್ಟಲು ಹೋಗಿತ್ತು. ಉಳಿದದ್ದನ್ನು ನೆನೆಸಿ, ತುದಿಗೆ ಹಿತ್ತಾಳೆ ಚೊಂಬು ಕಟ್ಟಿ ನೇತುಹಾಕಿದರೂ ಹಳೆಯ ಹೆಣಿಗೆಯ ಗುಂಗುರು ಪೂರ್ತಿ ಬಿಟ್ಟಿರಲಿಲ್ಲ. ಒತ್ತಾಗಿ ಹೆಣೆದರೆ ಎದೆಮಟ್ಟಕ್ಕೇ ಮುಗಿಯುವಷ್ಟು. ಬಜಾರಿನಿಂದ ಬರಿಗೈಯಲ್ಲಿ ಬಂದವರಿಗೆ ಒಂದು ಉಪಾಯ ಹೊಳೆಯಿತು. ಕಡ್ಡಿಗೆ ನೂಲು ಒಂದು ಸುತ್ತು ಹಾಕಿ, ಮುಂದಿನ ಎರಡು ಕುಣಿಕೆಗಳನ್ನು ಒಂದು ಮಾಡಿದರೆ ನಡುವೆ ಒಂದು ತೂತು. ತೂತಿನ ಪಕ್ಕ ತೂತು ಬಿಡುತ್ತ ಹೋದರೆ ಲೇಸ್ ಹೆಣಿಗೆ. ಗಾಳಿಯೇ ಅರ್ಧ ಸ್ವೆಟರು! ಪುಸ್ತಕವಿಲ್ಲ, ಅಳತೆ ಪಟ್ಟಿಯಿಲ್ಲ. ಉದ್ದಕ್ಕೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ನೋಡಿದವರು ಎಷ್ಟು ಚಂದ ಎಂದಾರು. ಅಷ್ಟೂ ತೂತು ತಮ್ಮ ತಪ್ಪಿನವು ಎಂದು ವಿಮಲಮ್ಮನಿಗೆ ಮಾತ್ರ ಗೊತ್ತು. ನಾಲ್ಕನೇ ದಿನ, ಎರಡನೇ ತೋಳಿನ ಮೊಣಕೈಗೆ ನೂಲು ತೀರಿತು.

"ಏನು ಬೀಗ್ತಿ, ಬಸ್ಸು ದಾರಿ ತಪ್ತಾ?" ಭದ್ರಾವತಿಯ ಮನೆ ಬಾಗಿಲಲ್ಲೇ ಸುಮನಾಳ ತಾಯಿ ಚುಚ್ಚಿದರು. ವಿಮಲಮ್ಮ ತಲೆತಗ್ಗಿಸಿ ಒಳಗೆ ಹೋಗಿ, ಸೊಸೆ ಕೂತಿದ್ದ ಮಂಚದ ಮೇಲೆ ಸ್ವೆಟರ್ ಇಟ್ಟರು.

ಸುಮನಾ ಹಾವು ಕಂಡವಳಂತೆ ಗೋಡೆಗೆ ಸರಿದಳು. "ಇದು... ಇದು ನನ್ನ ಉಲ್ಲನ್ನು! ತಗೊಂಡ್ಹೋಗಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ! ಇದೊಂದಾದ್ರೂ ಉಳೀಲಿ..."

"ಉಲ್ಲನ್ನಿಂದ ಏನೂ ಆಗಿಲ್ಲ ಕಣೇ. ಹೊಕ್ಕುಳಬಳ್ಳಿ ಗಂಟಾಗಿತ್ತಂತೆ. ಡಾಕ್ಟರಮ್ಮ ಅವತ್ತೇ ಹೇಳಿದ್ರು."

"ಯಾರಿಗೆ?"

"ನನಗೆ."

ಸುಮನಾ ಎರಡೂ ಅಂಗೈಗಳನ್ನು ಅತ್ತೆಯ ಮುಖದ ಮುಂದೆ ಹಿಡಿದಳು.

"ಮೂರು ವರ್ಷ ಅತ್ತೆ!" ಸುಮನಾಳ ದನಿ ಒಡೆಯಿತು. "ಈ ಕೈಗಳನ್ನ ಸೋಪು ಹಾಕಿ ಹಾಕಿ ತೊಳೆದಿದೀನಿ. ನೀವು ಅಲ್ಲೇ, ಪಕ್ಕದ ರೂಮಲ್ಲೇ ಇದ್ರಿ!"

"ನಲ್ಲಿ ಸದ್ದು ಕೇಳ್ತಿತ್ತು..." ವಿಮಲಮ್ಮನ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಕೇಳಿಸ್ಕೊಂಡೂ ಸುಮ್ಮನಿದ್ದೆ. ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ. ನಿನ್ನ ಕೈಯಲ್ಲಿ ದೋಷ ಇಲ್ಲ ಅಂತ ಹೇಳೋಕೆ ಬಂದೆ. ಬೇಕಾದ್ರೆ ಇದನ್ನ ಒಲೆಗೆ ಹಾಕು."

ಸುಮನಾ ಬಿಕ್ಕಿ ಬಿಕ್ಕಿ ಅತ್ತಳು. ವಿಮಲಮ್ಮ ಮುಟ್ಟಿ ಸಮಾಧಾನಿಸುವ ಧೈರ್ಯವಿಲ್ಲದೆ ನಿಂತೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ಅವಳ ಬೆರಳೊಂದು ಹೆದರುತ್ತ ಹೆದರುತ್ತ ಹಳದಿ ಅಂಚನ್ನು ಮುಟ್ಟಿತು.

"ಈ ತೋಳ್ಯಾಕೆ ಅರ್ಧಕ್ಕೇ ನಿಂತಿದೆ?"

"ನೂಲು ಸಾಲ್ಲಿಲ್ಲ. ಉಪ್ಪಿನಕಾಯಿ ಜಾಡಿಗೆ ಕಟ್ಟಿ ಹಾಳು ಮಾಡಿದ್ದೆ, ಪಾಪಿ ನಾನು."

ಅಳುವಿನ ನಡುವೆ ನಗುವಿನಂಥ ಏನೋ ಒಂದು ಹೊರಟು ಅಲ್ಲೇ ಆರಿತು. "ನಿಮ್ಮನ್ನ ಕ್ಷಮಿಸಿದೀನಿ ಅಂತ ಅಲ್ಲ."

"ಗೊತ್ತಮ್ಮ."

"ಎರಡೂ ಗಿಡ್ಡ ತೋಳು ಮಾಡಿದ್ರೆ ಸಾಲುತ್ತೆ. ಕೈ ಚಾಚಿ."

ಸುಮನಾ ಪೂರ್ತಿಯಾಗಿದ್ದ ತೋಳಿನ ತುದಿ ಹುಡುಕಿ ಸರ್ರನೆ ಎಳೆದಳು. ಅಂದು ವಿಮಲಮ್ಮ ಬಿಚ್ಚಿದಾಗಿನದೇ ಸದ್ದು. ಆದರೂ ಎರಡೂ ಕೈ ಮುಂದೆ ಚಾಚಿ ಹಿಡಿದರು. ಬಿಚ್ಚಿ ಬಂದ ಗುಂಗುರು ನೂಲು ಆ ಮುಂಗೈಗಳಿಗೆ ಒಂದೊಂದೇ ಸುತ್ತು ಬೀಳತೊಡಗಿತು.